"ಮಿಷಿನ್ ಬೇಡ, ಕೈಯಲ್ಲೇ ನೋಡಿ" ಎನ್ನಲು ಕಲಿಸಿದ ಕೆಂಪಕ್ಕ

ಬಿಸಿಲು ಇನ್ನೂ ತೆಂಗಿನ ಗರಿಗಳಿಂದ ಕೆಳಗಿಳಿದಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ, ಹೆಂಚಿನ ಮನೆಯೊಂದರ ಜಗುಲಿ ಮೇಲೆ ಕೂತು ಕೆಂಪಕ್ಕ ಮೊರದಲ್ಲಿ ರಾಗಿ ಕೇರುತ್ತಿದ್ದಾರೆ. ಹಿಟ್ಟು ಮಾಡಿಸುವುದಕ್ಕಲ್ಲ. ನಿನ್ನೆಯೇ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿಟ್ಟ ರಾಗಿ ಇದು. ಹಾಗೆ ಮಾಡಿದರೆ ಹುಳ ಬೀಳುವುದಿಲ್ಲ. ಹೊಟ್ಟು ಹಾರಿದ ಮೇಲೆ ಒಂದು ಹಿಡಿ ಎತ್ತಿ ಅಂಗೈಯಲ್ಲಿ ತೂಗುತ್ತಾರೆ, ಸ್ವಲ್ಪ ಚೆಲ್ಲುತ್ತಾರೆ, ಮತ್ತೆ ತೂಗುತ್ತಾರೆ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಸೆರಗು ಹೊದ್ದ ಒಬ್ಬ ಹೆಂಗಸು ಕಾಣಿಸಿಕೊಳ್ಳುತ್ತಾರೆ. ಮಾಯಸಂದ್ರದ ಕಡೆಯಿಂದ ಮೊದಲ ಬಸ್ಸು ಹಿಡಿದು, ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ಬಂದವರು. ಇಷ್ಟು ಬೇಗ ಯಾಕೆ ಎಂದು ಕೆಂಪಕ್ಕ ಕೇಳುವುದಿಲ್ಲ. ಇಲ್ಲಿಗೆ ಬರುವವರೆಲ್ಲ ಊರು ಏಳುವ ಮುಂಚೆಯೇ ಬರುತ್ತಾರೆ. ಒಳಗೆ ಕರೆದು ಬಾಗಿಲ ಪರದೆ ಎಳೆಯುತ್ತಾರೆ. ಜಗುಲಿಯಲ್ಲಿ ಕೂತ ನನಗೆ ಅವರ ದನಿ ಮಾತ್ರ ಕೇಳಿಸುತ್ತದೆ.

"ಅಳತೆ ತಗೋಬೇಕು. ಮುಟ್ಲಾ ತಾಯಿ?"

ಉತ್ತರ ಬರುವವರೆಗೂ ಕೆಂಪಕ್ಕ ಕಾಯುತ್ತಾರೆ.

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ಒಂದು ಪಕ್ಕವನ್ನು ಕಳೆದುಕೊಂಡ ಹೆಂಗಸರಿಗೆ ರವಿಕೆಯೊಳಗೆ ಇಟ್ಟುಕೊಳ್ಳುವ ಮೆತ್ತೆ ಹೊಲಿದುಕೊಡುವುದು ಇವರ ಕೆಲಸ. ಹೊರಗೆ ಮೆತ್ತನೆಯ ಹತ್ತಿ ಬಟ್ಟೆ, ಒಳಗೆ ಅರಳೆ, ನಡುವೆ ಪುಟ್ಟ ಚೀಲದಲ್ಲಿ ರಾಗಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹೀಗೆ ಹೊಲಿಯುವವರು ಬೇರೆ ಯಾರೂ ನನಗೆ ಸಿಗಲಿಲ್ಲ.

ಕೆಂಪಕ್ಕನಿಗೆ ಐವತ್ತೆರಡು ವರ್ಷ. ಹುಟ್ಟಿದ್ದು ಹುಳಿಯಾರಿನ ಹತ್ತಿರದ ಕೆಂಕೆರೆ. ಗಂಡ ಲಕ್ಕಯ್ಯ ತೋಟಗಳಿಗೆ ಹೋಗಿ ಕಾಯಿ ಸುಲಿಯುತ್ತಾರೆ. ಮದುವೆಯಾಗಿ ತಿಪಟೂರಿಗೆ ಬಂದಾಗಿನಿಂದ ಕೆಂಪಕ್ಕನದು ರವಿಕೆ ಹೊಲಿಗೆ. ಆರು ವರ್ಷದ ಹಿಂದೆ ಅವರಿಗೇ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೂದಲು ಉದುರಿತು, ಕೂದಲು ಮತ್ತೆ ಬಂತು.

"ಎಲ್ಲಾ ಸರಿಯಾಯ್ತು ಕಣ್ರೀ, ರವಿಕೆ ಒಂದು ಸರಿಯಾಗ್ಲಿಲ್ಲ" ಎನ್ನುತ್ತಾರೆ. "ಊರೋರ್ಗೆಲ್ಲ ಅಳತೆ ಕೂರ್ಸಿ ಹೊಲಿಯೋಳು ನಾನು. ನನ್ನ ರವಿಕೆ ಒಂದು ಕಡೆ ಜೋತಾಡೋದು. ಮೊದ್ಲು ಕರ್ಚೀಪು ತುರುಕ್ಕಂಡೆ. ಅದು ಹಗುರ, ಮೇಲಕ್ಕೆ ಬಂದ್ಬುಡೋದು. ಆಮೇಲೆ ತೆಂಗಿನ ನಾರು ಬಿಡಿಸಿ ತುಂಬ್ದೆ. ನಮ್ಮೂರಲ್ಲಿ ಅದಕ್ಕೇನು ಬರವೇ? ಆದ್ರೆ ಅದು ಚುಚ್ಚಿ ಚುಚ್ಚಿ ಗಾಯದ ಜಾಗ ಎಲ್ಲ ಕೆಂಪಾಯ್ತು."

ಎರಡು ಕಡೆಯ ಭಾರ ಒಂದೇ ಸಮ ಇಲ್ಲದ್ದರಿಂದ ಒಂದು ಭುಜ ಮೇಲೆದ್ದು ಬೆನ್ನು ನೋಯುತ್ತಿತ್ತು. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಮೆತ್ತೆ ಕೈಗೆಟುಕುವಂತಿರಲಿಲ್ಲ. ಒಂದು ದಿನ ಮುದ್ದೆಗೆ ಹಿಟ್ಟು ಮಾಡಿಸಲು ರಾಗಿ ಅಳೆಯುತ್ತಿದ್ದಾಗ ಕಾಳು ಬೆರಳಿನ ಸಂದಿಯಲ್ಲಿ ಜಾರಿತು. ನುಣುಪು, ಭಾರ, ಮೈಯ ಶಾಖಕ್ಕೆ ಬೆಚ್ಚಗಾಗುವ ಗುಣ. ಅವತ್ತೇ ಕೂತು ಹೊಲಿದರು. ಮುಂದಿನ ತಪಾಸಣೆಗೆ ಆಸ್ಪತ್ರೆಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ದಿಟ್ಟಿಸಿ ನೋಡಿ, ಕಿವಿಯ ಹತ್ತಿರ ಬಂದು, "ನಿಮ್ದು ಇದೆಯಲ್ಲಾ, ಅದು ಹೆಂಗೆ?" ಎಂದು ಕೇಳಿದರು. ಮಾತು ಬಾಯಿಂದ ಬಾಯಿಗೆ ಹರಡಿದ್ದು ಅಲ್ಲಿಂದ. ಈಗ ವಾರಕ್ಕೆ ನಾಲ್ಕೈದು ಮಂದಿ ಬರುತ್ತಾರೆ. ರವಿಕೆ ಹೊಲಿಗೆ ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ಮೆತ್ತೆಗೆ.

ಹಾಗೆ ಬಂದವರಲ್ಲಿ ಒಬ್ಬರು ಮೀನಾಕ್ಷಮ್ಮ. ಪೇಟೆಯಲ್ಲಿ ಹಳೆಯ ಕೊಬ್ಬರಿ ವ್ಯಾಪಾರದ ಮನೆತನ. ಅವರಿಗೆ ಆಪರೇಷನ್ ಆದದ್ದು ಗಂಡ ಶಂಭುಲಿಂಗಯ್ಯನವರಿಗೆ, ಮಗಳು ಸೌಮ್ಯಳಿಗೆ ಬಿಟ್ಟರೆ ನೆಂಟರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಗರ್ಭಕೋಶದ ತೊಂದರೆ" ಎಂದು ಹೇಳಿ ಮುಗಿಸಿದ್ದರು. ಕೆಂಪಕ್ಕನ ಮೆತ್ತೆ ಆ ಗುಟ್ಟನ್ನು ನಾಲ್ಕು ವರ್ಷ ಕಾಪಾಡಿತು. ಇಲ್ಲಿ ತಮ್ಮ ಹೆಸರು ಬರೆಯಲು ಅವರೇ ಒಪ್ಪಿದ್ದಾರೆ. "ಬರೀರಿ, ಈಗೇನು ಭಯ ಇಲ್ಲ" ಎಂದರು.

ಕಳೆದ ವರ್ಷ ಕಾರ್ತಿಕದಲ್ಲಿ ನೆಂಟರ ಗುಂಪಿನ ಜೊತೆ ಅವರು ವಿಮಾನದಲ್ಲಿ ಕಾಶಿಗೆ ಹೋದರು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ದಾರಿಯಲ್ಲಿ ವಿಮಾನ ಬದಲಿಸಬೇಕಿದ್ದ ಊರಿನ ನಿಲ್ದಾಣದಲ್ಲಿ ದೇಹ ತಪಾಸಣೆಯ ಹೊಸ ಮಿಷಿನ್ ಇಟ್ಟಿದ್ದರು. ಒಳಗೆ ನಿಂತು ಎರಡೂ ಕೈ ಮೇಲೆತ್ತಬೇಕು. ಮೈಮೇಲೆ ಏನಾದರೂ ಇದ್ದರೆ ಪಕ್ಕದ ಪರದೆಯಲ್ಲಿ ಆ ಜಾಗಕ್ಕೆ ಹಳದಿ ಚೌಕ ಬೀಳುತ್ತದೆ. ಮೀನಾಕ್ಷಮ್ಮನವರ ಎಡ ಎದೆಯ ಮೇಲೆ ಚೌಕ ಬಿತ್ತು.

"ಅಲ್ಲಿ ತಪಾಸಣೆ ಮಾಡೋ ಹುಡುಗಿ ಒತ್ತಿ ನೋಡಿದ್ಲು. ಒಳಗೆ ಕಾಳು ಸರಸರ ಅಂತು" ಎಂದು ಅವರು ನೆನಪಿಸಿಕೊಳ್ಳುತ್ತಾರೆ. "ಅವಳಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಬರಲ್ಲ. ಏನೋ ಪೊಟ್ಟಣ ಬಚ್ಚಿಟ್ಟುಕೊಂಡಿದೀನಿ ಅಂದ್ಕೊಂಡ್ಲು. ಇನ್ನೊಬ್ಬಳನ್ನ ಕರೆದ್ಲು. ಒಳಗೆ ಕೂರಿಸಿ ತೆಗೆಸಿದ್ರು, ತಿರುಗಿಸಿ ತಿರುಗಿಸಿ ನೋಡಿದ್ರು. ಗಾಯ ನೋಡಿದ ಮೇಲೆ ಪಾಪ, ಅವರೇ ತಲೆ ತಗ್ಗಿಸಿದ್ರು. ಅವರ ತಪ್ಪೇನಿಲ್ಲ. ಆದ್ರೆ ಹೊರಗೆ ಬಂದ್ರೆ ನಮ್ಮ ನಾದಿನಿ, ಓರಗಿತ್ತಿ ಎಲ್ಲಾ ನನ್ನೇ ಕಾಯ್ತಾ ನಿಂತಿದಾರೆ. ಏನು ಸಿಕ್ತು, ಏನು ಸಿಕ್ತು ಅಂತ ಕೇಳ್ತಾರೆ. ಸೇಫ್ಟಿ ಪಿನ್ನು ಅಂದೆ."

ಊರಿಗೆ ಬಂದ ಮರುದಿನ ಅವರು ಮೆತ್ತೆಯನ್ನು ಕಾಗದದಲ್ಲಿ ಸುತ್ತಿಕೊಂಡು ಕೆಂಪಕ್ಕನ ಮನೆಗೆ ಬಂದರು. ಬೈಯಲಿಲ್ಲ. ಅದನ್ನು ಹೊಲಿಗೆ ಮಿಷಿನ್ನಿನ ಮೇಜಿನ ಮೇಲಿಟ್ಟು, "ಇನ್ನು ನಾನು ಎಲ್ಲೂ ಹೋಗಲ್ಲ ಕೆಂಪಕ್ಕ. ಸಾಕು" ಎಂದರು.

ಆ ಮಾತು ಬಹಳ ದಿನ ತಲೆಯಲ್ಲೇ ಉಳಿಯಿತು ಎನ್ನುತ್ತಾರೆ ಕೆಂಪಕ್ಕ. "ಬೈದಿದ್ರೆ ವಾಸಿಯಾಗಿತ್ತು. ನಾಲ್ಕು ಜನದಲ್ಲಿ ತಲೆ ಎತ್ಕಂಡು ಓಡಾಡ್ಲಿ ಅಂತ ಹೊಲ್ದಿದ್ದು. ಅದೇ ಅವರ ತಲೆ ತಗ್ಗಿಸ್ತಲ್ಲ ಅಂತ ಸಂಕಟ ಆಯ್ತು."

ಸಂಕ್ರಾಂತಿ ಕಳೆದ ಮೇಲೆ ಸಂಕಟ ಇನ್ನೂ ದೊಡ್ಡದಾಯಿತು. ಸೌಮ್ಯಳ ಗಂಡ ರೈಲ್ವೆಯಲ್ಲಿದ್ದಾರೆ, ಈಗಿರುವುದು ಗುವಾಹಟಿಯಲ್ಲಿ. ಮಗಳಿಗೆ ದಿನ ತುಂಬುತ್ತಿತ್ತು. ವೈದ್ಯರು ಪ್ರಯಾಣ ಬೇಡವೆಂದಿದ್ದರಿಂದ ತವರಿಗೆ ಬರುವಂತಿರಲಿಲ್ಲ. ಚೊಚ್ಚಲ ಹೆರಿಗೆಗೆ ತಾಯಿಯೇ ಹೋಗಬೇಕು. ಅಷ್ಟು ದೂರ ರೈಲಿನಲ್ಲಿ ಹೋಗಲು ಮೀನಾಕ್ಷಮ್ಮನವರ ಬೆನ್ನು ತಡೆಯದು. ವಿಮಾನ ಎಂದರೆ ಅವರು ಬಾಗಿಲು ಹಾಕಿಕೊಂಡು ಅಳುತ್ತಾರೆ. ಕೊನೆಗೆ ಶಂಭುಲಿಂಗಯ್ಯನವರೇ ಚಪ್ಪಲಿ ಮೆಟ್ಟಿ ಓಣಿಗೆ ಬಂದರು.

"ಮೆತ್ತೆ ಇಲ್ಲದೆ ಹೊರಗೆ ಕಾಲಿಡಲ್ಲ ಅಂತಾಳೆ. ಮೆತ್ತೆ ಇಟ್ಕೊಂಡು ವಿಮಾನ ಹತ್ತಲ್ಲ ಅಂತಾಳೆ. ಏನ್ಮಾಡ್ಲಮ್ಮ?" ಎಂದರು.

ಕೆಂಪಕ್ಕ ಮೊದಲು ಮಾಡಿದ ಕೆಲಸವೆಂದರೆ ಮಧುಶ್ರೀಗೆ ಫೋನ್. ಮಧುಶ್ರೀ ತುರುವೇಕೆರೆಯ ಹುಡುಗಿ. ಕೆಂಪಕ್ಕನ ಹತ್ತಿರ ಮದುವೆಯ ರವಿಕೆ ಹೊಲಿಸಿಕೊಂಡವಳು, ಈಗ ವಿಮಾನ ನಿಲ್ದಾಣವೊಂದರಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದಾಳೆ. "ಮಿಷಿನ್ ಒಳಗೆ ಹೋದ್ಮೇಲೆ ಹೇಳ್ಬೇಡಿ ಅಕ್ಕ, ಮೊದ್ಲೇ ಹೇಳಿ" ಎಂದಳು ಅವಳು. "ಆಪರೇಷನ್ ಆಗಿದೆ, ಮಿಷಿನ್ ಬೇಡ, ಮರೆಯಲ್ಲಿ ಕೈಯಲ್ಲೇ ನೋಡಿ ಅಂತ ಕೇಳಿ. ಹೆಂಗಸೇ ಬಂದು ನೋಡ್ತಾರೆ. ಮುಚ್ಚಿಟ್ಟಿದ್ದು ಸಿಕ್ಕಾಗ್ಲೇ ಅನುಮಾನ. ನೀವೇ ಹೇಳ್ಬುಟ್ರೆ ಅರ್ಧ ಕೆಲಸ ಮುಗೀತು." ಅದನ್ನು ಹಿಂದಿಯಲ್ಲಿ ಹೇಗೆ ಹೇಳಬೇಕೆಂದೂ ಕಲಿಸಿದಳು: "ಆಪರೇಷನ್ ಹುವಾ ಹೈ. ಮಷೀನ್ ನಹೀ, ಹಾಥ್ ಸೇ ದೇಖಿಯೇ."

ಎರಡನೆಯ ಕೆಲಸ, ಹೊಸ ಮೆತ್ತೆ. ರಾಗಿ ತೆಗೆದು ಬರೀ ಅರಳೆ ತುಂಬಿ, ಅದು ಮೇಲಕ್ಕೆ ಸರಿಯದಂತೆ ರವಿಕೆಯ ಒಳಗೇ ಒಂದು ಜೇಬು ಹೊಲಿದು ಕೂರಿಸಿದರು. ಭಾರ ಕಡಿಮೆ, ಆದರೆ ಒತ್ತಿದರೆ ಸದ್ದಿಲ್ಲ. ಪ್ರಯಾಣದ ದಿನಕ್ಕೆ ಸಾಕು.

ಮೂರನೆಯದು ಅವರೇ ಎಣಿಸಿರಲಿಲ್ಲ. ಮೆತ್ತೆ ಕೊಡಲು ಹೋದಾಗ ಮೀನಾಕ್ಷಮ್ಮ ಅದನ್ನು ಮುಟ್ಟಲೂ ಇಲ್ಲ. "ಹೇಳೋದು ಸುಲಭ ಕಣೇ ಕೆಂಪಕ್ಕ, ಅಲ್ಲಿ ನಿಲ್ಲೋಳು ನಾನು" ಎಂದರು. "ಹಂಗಾದ್ರೆ ನಾನೂ ಬತ್ತೀನಿ, ಇಬ್ರೂ ನಿಲ್ಲಾನ" ಎಂದುಬಿಟ್ಟರು ಕೆಂಪಕ್ಕ.

ಮನೆಗೆ ಬಂದು ಲಕ್ಕಯ್ಯನವರಿಗೆ ಹೇಳಿದರು. "ತೆಂಗಿನ ಮರಕ್ಕಿಂತ ಎತ್ರ ನಮ್ಮನೇಲಿ ಯಾರೂ ಹೋಗಿಲ್ಲ. ನೀನೇ ಹೋಗಿ ಬಾ" ಎಂದರಂತೆ.

ಹೊರಡುವ ಮುಂಚಿನ ವಾರವೆಲ್ಲ ಹೊಲಿಗೆ ಮಿಷಿನ್ ತುಳಿಯುತ್ತಾ ಆ ಎರಡು ಹಿಂದಿ ವಾಕ್ಯಗಳ ಪಾಠ. ಮೀನಾಕ್ಷಮ್ಮ ದಿನಾ ಬಂದು ಎದುರಿಗೆ ಕೂರುತ್ತಿದ್ದರು. ಕೇಳುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ.

ಅವತ್ತು ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಕೆಂಪಕ್ಕ ಮುಂದೆ, ಮೀನಾಕ್ಷಮ್ಮ ಹಿಂದೆ. ಅಲ್ಲಿಯೂ ಅದೇ ಬಗೆಯ ಮಿಷಿನ್ ಇತ್ತು. ಒಳಗೆ ಹೋಗಿ ಎಂದು ಮಹಿಳಾ ಅಧಿಕಾರಿ ಕೈ ತೋರಿಸಿದಾಗ ಕೆಂಪಕ್ಕ ನಿಂತಲ್ಲೇ ನಿಂತರು. "ಆಪರೇಷನ್" ಎಂದರು. ಒಂದು ವಾರ ಬಾಯಿಪಾಠ ಮಾಡಿದ ಮುಂದಿನ ಮಾತು ಮರೆತೇಹೋಯಿತು. "ಮಿಷಿನ್ ಬೇಡಮ್ಮ, ಕೈಯಲ್ಲೇ ನೋಡಿ" ಎಂದು ಕನ್ನಡದಲ್ಲೇ ಹೇಳಿ ಎದೆಯ ಮೇಲೆ ಕೈಯಿಟ್ಟು ತೋರಿಸಿದರು.

ಆ ಅಧಿಕಾರಿಗೆ ಕನ್ನಡ ಅರ್ಥವಾಗಲಿಲ್ಲ. ಸಾಲು ನಿಂತಿತು. ಹಿಂದಿನಿಂದ ಯಾರೋ ಬೇಗ, ಬೇಗ ಎಂದರು.

ಆಗ ಕೆಂಪಕ್ಕನ ಬೆನ್ನ ಹಿಂದಿನಿಂದ ದನಿ ಬಂತು. "ಆಪರೇಷನ್ ಹುವಾ ಹೈ. ಮಷೀನ್ ನಹೀ, ಹಾಥ್ ಸೇ ದೇಖಿಯೇ. ದೋನೋಂ ಕೋ." ಹೇಳಿದವರು ಮೀನಾಕ್ಷಮ್ಮ. ಇಬ್ಬರನ್ನೂ ಎಂಬ ಕೊನೆಯ ಮಾತನ್ನು ಅವರಿಗೆ ಯಾರೂ ಕಲಿಸಿರಲಿಲ್ಲ; ಗುವಾಹಟಿಯಿಂದ ಮಗಳು ಫೋನ್ ಮಾಡಿದಾಗ ಅಲ್ಲಿನವರ ಹಿಂದಿ ಮಾತಿನಲ್ಲಿ ಎಂದೋ ಕಿವಿಗೆ ಬಿದ್ದದ್ದು.

"ಬೇಕಾದ್ದಕ್ಕಿಂತ ಜೋರಾಗೇ ಹೇಳ್ಬುಟ್ಟೆ" ಎಂದು ಈಗ ನಗುತ್ತಾರೆ ಅವರು. "ಸಾಲಲ್ಲಿದ್ದೋರಿಗೆಲ್ಲ ಕೇಳಿಸಿರಬೇಕು. ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ತಿರುಗಿ ನೋಡಿದ್ರೆ ಒಬ್ಬ ಫೋನ್ ನೋಡ್ತಿದಾನೆ, ಇನ್ನೊಬ್ಬಳು ಮಗೂಗೆ ಚಪ್ಪಲಿ ಹಾಕ್ತಿದಾಳೆ. ಯಾರೂ ನನ್ನ ಕಡೆ ನೋಡ್ಲಿಲ್ಲ ಕಣ್ರೀ. ನಾಲ್ಕು ವರ್ಷ ನಾನು ಹೆದರಿದ್ದು ಇದಕ್ಕೇನಾ ಅಂದ್ಕೊಂಡೆ."

ಅಧಿಕಾರಿ ತಲೆಯಾಡಿಸಿ ಇಬ್ಬರನ್ನೂ ಪರದೆಯ ಮರೆಗೆ ಕರೆದೊಯ್ದರು. ಮುಟ್ಟುವ ಮುಂಚೆ ಕೇಳಿದರು. ಅಂಗೈ ತಾಗಿಸದೆ ಹಿಂಗೈಯಿಂದ ಭುಜ, ಎದೆ, ಬೆನ್ನು ಮುಟ್ಟಿ ನೋಡಿದರು. ಮೆತ್ತೆಯ ಕಡೆ ಕೈ ಬಂದಾಗ ಇನ್ನಷ್ಟು ಹಗುರ ಮಾಡಿದರು. ಮುಗಿದ ಮೇಲೆ "ಹೋಗಿ ಅಮ್ಮ" ಎನ್ನುವಂತೆ ಪರದೆ ಸರಿಸಿದರು. ಬಸ್ಸಿನ ಟಿಕೆಟ್ಟು ಹರಿದುಕೊಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಲಿಲ್ಲ ಎನ್ನುತ್ತಾರೆ ಕೆಂಪಕ್ಕ.

ಮಿಷಿನ್ ಮೇಲೆ ಅವರಿಗೇನೂ ಸಿಟ್ಟಿಲ್ಲ. "ನಾನೂ ಮಿಷಿನ್ ತುಳ್ದೇ ಉಣ್ಣೋಳು. ಅದು ಅದರ ಕೆಲಸ ಮಾಡ್ತದೆ. ಆದ್ರೆ ಇದು ಗಾಯ, ಇದು ಪೊಟ್ಟಣ ಅಂತ ಅದಕ್ಕೆ ಗೊತ್ತಾಗಲ್ಲ. ಮನುಷ್ಯರ ಕೈಗೆ ಗೊತ್ತಾಗ್ತದೆ. ಅದಕ್ಕೆ ಕೈಯೇ ಇರ್ಲಿ ಅಂತ ಕೇಳೋದು. ಕೇಳೋದ್ರಲ್ಲಿ ತಪ್ಪಿಲ್ಲವಲ್ಲ?"

ಸೌಮ್ಯಳಿಗೆ ಹೆಣ್ಣು ಮಗು. ಕೆಂಪಕ್ಕ ಹತ್ತು ದಿನ ಅಲ್ಲೇ ಇದ್ದು, ಮಗುವಿಗೆ ಕುಲಾವಿ ಹೊಲಿದುಕೊಟ್ಟು, ಒಬ್ಬರೇ ವಿಮಾನದಲ್ಲಿ ವಾಪಸಾದರು. ಬರುವಾಗ ಹಿಂದಿ ತಪ್ಪಲಿಲ್ಲವಂತೆ. ಮೀನಾಕ್ಷಮ್ಮ ಬಾಣಂತನ ಮುಗಿಸಿ ಬಂದವರೇ ನಾದಿನಿಯನ್ನು ಕೂರಿಸಿಕೊಂಡು ಎಲ್ಲಾ ಹೇಳಿದರು. ನಾದಿನಿ ಅತ್ತರು, ಆಮೇಲೆ ಬೈದರು, ಆಮೇಲೆ ತಮಗೂ ಕಂಕುಳಲ್ಲಿ ಒಂದು ಗಂಟಿರುವುದನ್ನು ಮೆಲ್ಲಗೆ ಹೇಳಿದರು. ಮರುದಿನವೇ ಇಬ್ಬರೂ ಆಸ್ಪತ್ರೆಗೆ ಹೋದರು. ಅದು ಕೆಟ್ಟ ಗಂಟಲ್ಲ ಎಂದು ಗೊತ್ತಾಯಿತು. "ಅದು ಆ ದೇವರ ದಯೆ. ಆದ್ರೆ ಬಾಯಿ ಬಿಟ್ಟು ಹೇಳಿದ್ದು ಮಾತ್ರ ಅವಳ ಧೈರ್ಯ" ಎನ್ನುತ್ತಾರೆ ಮೀನಾಕ್ಷಮ್ಮ.

ಒಳಗಿನ ಪರದೆ ಸರಿಯುತ್ತದೆ. ಮಾಯಸಂದ್ರದ ಕಡೆಯ ಹೆಂಗಸು ಹೊರಬರುತ್ತಾರೆ. ಈಗ ಸೆರಗು ಬಿಗಿಯಾಗಿ ಹೊದ್ದಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನೇ ಕೇಳಿ, ಬಿಸಿಲು ಬಿದ್ದ ಓಣಿಯ ನಡುವೆಯೇ ನಡೆದು ಹೋಗುತ್ತಾರೆ.

ಕೆಂಪಕ್ಕನ ಮನೆಗೆ ಇದುವರೆಗೂ ಬೋರ್ಡಿಲ್ಲ. ಬರುವವರಿಗೆ ಮುಜುಗರವಾದೀತೆಂದು ಹಾಕಿಸಿರಲಿಲ್ಲ. ಈಗ ಮುಖ್ಯ ರಸ್ತೆಯಲ್ಲಿ, ಬಸ್ ನಿಲ್ದಾಣದ ದಾರಿಗೆ ಒಂದು ಸಣ್ಣ ಮಳಿಗೆ ಹಿಡಿಯುವ ಯೋಚನೆಯಲ್ಲಿದ್ದಾರೆ. ಬೋರ್ಡ್ ಬರೆಯುವವನಿಗೆ ಹೇಳಿಯೂ ಆಗಿದೆ. ಲೇಡೀಸ್ ಟೈಲರ್ ಎಂದಷ್ಟೇ ಬರೆಯಲೇ ಎಂದು ಅವನು ಕೇಳಿದನಂತೆ.

"ಸ್ತನದ ಆಪರೇಷನ್ ಆದೋರಿಗೆ ಇಲ್ಲಿ ಹೊಲಿದುಕೊಡ್ತೀವಿ ಅಂತ ಪೂರ್ತಿ ಬರಿಯಪ್ಪ ಅಂದೆ" ಎನ್ನುತ್ತಾ ಕೆಂಪಕ್ಕ ಮೊರ ಗೋಡೆಗೆ ಒರಗಿಸುತ್ತಾರೆ. "ದೊಡ್ಡ ಅಕ್ಷರದಲ್ಲಿ. ಬಸ್ಸಲ್ಲಿ ಕಿಟಕಿ ಪಕ್ಕ ಕೂತೋಳು ಯಾರನ್ನೂ ಕೇಳ್ದೇ ಓದ್ಕಂಬೇಕು."