ಮಟನ್ ಖಾನಾವಳಿಯ ಪುಂಡಿ ಪಲ್ಯ

ಸಂಕೇಶ್ವರದ ಹೆದ್ದಾರಿ ಪಕ್ಕದ ಮಟನ್ ಖಾನಾವಳಿಗೆ ಗೆಳೆಯ ಮಾರುತಿ ಕರೆದೊಯ್ದ. ನಾನು ಮಾಂಸ ತಿನ್ನುವುದನ್ನು ಕಡಿಮೆ ಮಾಡಿ ಆರು ತಿಂಗಳಾಗಿತ್ತು. ಅಳುಕುತ್ತಲೇ, "ನನಗೆ ಬರೀ ರೊಟ್ಟಿ, ಪಲ್ಯ ಸಾಕ್ರಿ" ಎಂದೆ.

"ಇಂವಾ ಸನ್ಯಾಸಿ ಆಗ್ಯಾನ್ರಿ ಅಕ್ಕಾರ!" ಎಂದ ಮಾರುತಿ. ಪಕ್ಕದ ಮೇಜಿನವರೂ ನಕ್ಕರು.

ಒಲೆಯ ಮುಂದಿದ್ದ ಮಾಲಕಿ ಮಾತ್ರ ನಗಲಿಲ್ಲ. "ಇಪ್ಪತ್ತ ವರ್ಷದಿಂದ ಮಟನ್ ಮಾಡಾಕತ್ತೇನ್ರಿ, ಒಂದ್ ತುಣಕೂ ಬಾಯಿಗಿಟ್ಟಿಲ್ಲ. ಉಪ್ಪು, ಖಾರ ವಾಸನಿ ಮ್ಯಾಲ ತಿಳಿತೈತಿ."

ಮಾರುತಿ ತನ್ನ ತಾಟಿಗೆ ಆಗಲೇ ಬಡಿಸಿದ್ದ ಮಟನ್ ರಸಾವನ್ನು ಮತ್ತೊಮ್ಮೆ ರುಚಿ ನೋಡಿದ. ಎಲ್ಲವೂ ಹದವಾಗಿತ್ತು.

ಮಾಲಕಿ ತನ್ನ ಊಟಕ್ಕೆಂದು ಮಾಡಿಟ್ಟಿದ್ದ ಪುಂಡಿ ಸೊಪ್ಪಿನ ಪಲ್ಯವನ್ನು ನನಗೆ ಬಡಿಸಿದಳು. ಹುಳಿಯೂ ಬೆಳ್ಳುಳ್ಳಿಯೂ ನಾಲಿಗೆಗೆ ಹಿತವಾಗಿ ತಾಗಿದವು. ಮಾರುತಿಯೂ ಮೆಲ್ಲಗೆ ತಾಟು ಮುಂದೆ ಚಾಚಿದ.

"ಇದು ನಮ್ಮಿಬ್ಬರಿಗಷ್ಟ ಐತ್ರಿ," ಎನ್ನುತ್ತ ಆಕೆ ಅವನಿಗೆ ಇನ್ನೊಂದು ಸೌಟು ರಸಾ ಹಾಕಿದಳು.