ಫ್ರೀಜರಿಗೂ ರಜೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಲ್ಯಾಬಿನಲ್ಲಿದ್ದೆ. ಕೆಳಗೆ ಲ್ಯಾಬಿನ ಮಾಲೀಕರದೇ ಲೇತ್ ವರ್ಕ್‌ಶಾಪ್, ಮೇಲಿನ ಮಹಡಿಯಲ್ಲಿ ನಾವು. ಡಿಎನ್‌ಎಯ ಒಂದು ಚೂರಿಗೆ ಪ್ರೋಟೀನ್ ಕಟ್ಟಿ, ಆ ಪ್ರೋಟೀನಿಗೆ ಹೊಳೆಯುವ ಬಣ್ಣ ಅಂಟಿಸುವುದು ನನ್ನ ಕೆಲಸ. ರೋಗಿಯ ಕಫದಲ್ಲಿ ಕ್ಷಯದ ಕ್ರಿಮಿಯ ಡಿಎನ್‌ಎ ಇದ್ದರೆ ಈ ಜೋಡಿ ಹುಡುಕಿಕೊಂಡು ಹೋಗಿ ಅದಕ್ಕೆ ಅಂಟಿಕೊಳ್ಳಬೇಕು, ಹಸಿರಾಗಿ ಹೊಳೆಯಬೇಕು. ಎರಡು ವರ್ಷ ಹೆಣಗಿದ ಮೇಲೆ ಹೊಳೆಯಿತು. ದಸರೆ ಮುಗಿಯುತ್ತಲೇ ಆಸ್ಪತ್ರೆಯವರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನನ್ನ ಕೆಲಸ ಖಾಯಂ. 'ಲ್ಯಾಬೂ ಬೇಡ ಗೀಬೂ ಬೇಡ, ಮದುವೆ ಮಾಡ್ಕೋ' ಎಂದು ದಿನಾ ಗೊಣಗುವ ಅಮ್ಮನ ಬಾಯಿಗೂ ಬೀಗ.

ಹಬ್ಬ ಮುಗಿಸಿ ಗಿರಿನಗರದ ನಮ್ಮ ಮನೆಯಿಂದ ವಾಪಸ್ ಬಂದರೆ, ಲ್ಯಾಬಿನ ಬಾಗಿಲಿಗೆ ಬಾಳೆಕಂದು, ಮೈಕ್ರೋಸ್ಕೋಪಿಗೆ ಸೇವಂತಿಗೆ ಹಾರ. ಫ್ರೀಜರಿನ ಮೈತುಂಬ ಅರಿಶಿನ, ಕುಂಕುಮ. ಪ್ಲಗ್ ಕಿತ್ತು ವೈರನ್ನು ಅಂದವಾಗಿ ಸುತ್ತಿಟ್ಟಿದ್ದರು. ಒಳಗೆ ಐಸೆಲ್ಲ ನೀರಾಗಿ, ನನ್ನ ಟ್ಯೂಬುಗಳು ಅದರಲ್ಲಿ ತೇಲುತ್ತಿದ್ದವು.

"ಆಯುಧಪೂಜೆ ದಿನ ಮಿಷಿನ್‌ಗೂ ರೆಸ್ಟ್ ಬೇಡ್ವೇನಮ್ಮಾ?" ಎಂದರು ಮಾಲೀಕರು. ಲೇತ್ ನಿಲ್ಲಿಸಿದಂತೆ ಫ್ರೀಜರನ್ನೂ ನಿಲ್ಲಿಸಿದ್ದರು. ಪ್ರೋಟೀನ್ ಕೆಟ್ಟುಹೋಗಿದೆ, ಹೊಸದಾಗಿ ಮಾಡಲು ತಿಂಗಳುಗಳೇ ಬೇಕು ಎಂದೆ.

"ವಾಪಸ್ ಹಾಕಿದ್ರಾಯ್ತು ಬಿಡಮ್ಮ, ತಣ್ಣಗಾಗತ್ತೆ."

"ಬೇಯ್ಸಿದ ಮೊಟ್ಟೆ ಫ್ರಿಜ್ಜಿಗಿಟ್ರೆ ಹಸಿಯಾಗತ್ತಾ ಸಾರ್?" ಎಂದು ಕೇಳಿಯೇಬಿಟ್ಟೆ. ಮುಖ ಗಂಟಿಕ್ಕಿಕೊಂಡು ಅವರು ಕೆಳಗಿಳಿದುಹೋದರು.

ಆಸ್ಪತ್ರೆಯವರನ್ನು ಆಮೇಲೆ ಬರಹೇಳಿ ಎಂದು ಮಾಲೀಕರನ್ನು ಅಂಗಲಾಚಿದೆ. ಕೇಳಲಿಲ್ಲ. ಆಸ್ಪತ್ರೆಯವರು ಬಂದರು, ದೀಪ ಆರಿಸಿ ಎಲ್ಲರೂ ಬಗ್ಗಿ ನೋಡಿದರು. ಹಸಿರಿನ ಸುಳಿವೇ ಇಲ್ಲ. ಮಾಲೀಕರು ನನ್ನೆದುರಿಗೇ ಅವರಿಗೆ ಹೇಳಿದರು: "ಐಡಿಯಾ ಸಖತ್ತಾಗಿದೆ ಸಾರ್. ಈ ಹುಡುಗಿ ಕೈಗುಣ ಸರಿಯಿಲ್ಲ."

ಕೈಗುಣವಂತೆ! ಎಂ.ಎಸ್ಸಿ. ಓದಿ, ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದವಳಿಗೆ ಸಿಕ್ಕಿದ ಸರ್ಟಿಫಿಕೇಟ್ ಅದು. ಮೈಯೆಲ್ಲ ಉರಿದುಹೋಯಿತು. ಮಾರನೆಯ ವಾರದಿಂದ ಬರುವುದು ಬೇಡ ಎಂದರು.

ಮನೆಗೆ ಬಂದು ಎಲ್ಲವನ್ನೂ ಅಮ್ಮನ ಹತ್ತಿರ ಹೇಳಿಕೊಂಡು ಅತ್ತೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಪೂಜೆ ಮಾಡಿದ್ರೆ ಯಾವ್ದಾದ್ರೂ ಕೆಡತ್ತೇನೇ? ನಿಂದು ಮೊದ್ಲೇ ಕೆಟ್ಟಿರ್ಬೇಕು."

ಮಾಲೀಕರ ಮೇಲಿನ ಸಿಟ್ಟು ಎಂದೋ ಆರಿತು. ಅಮ್ಮ ಹೋಗಿ ಇಷ್ಟು ವರ್ಷವಾದರೂ ಈ ಮಾತಿಗೆ ಮಾತ್ರ ಅವಳನ್ನು ನಾನು ಕ್ಷಮಿಸಿಲ್ಲ.