ಸೋಮವಾರದ ಹಳದಿ ಮಾತ್ರೆ

ಮನೆಗೆ ಬಂದವರಿಗೆಲ್ಲ ಅತ್ತೆ, ಅಂದರೆ ಅಪ್ಪನ ಅಕ್ಕ, ನನ್ನ ಕಾಯಿಲೆಯ ಕಥೆ ಹೇಳುವುದು ಹೀಗೆ: "ಹುಡುಗಿ ಗಟ್ಟಿಗಿತ್ತಿ. ಒಳ್ಳೆ ಡಾಕ್ಟರು ಸಿಕ್ಕಿದ್ರು. ಅವರಮ್ಮ ಮಾತ್ರೆನ ಕೈಗೇ ತಂದುಕೊಟ್ಟು ನೋಡ್ಕೊಂಡ್ಳು."

ಮೂರು ವಾಕ್ಯ. ಮೂರೂ ನಿಜ. ಆದರೂ ನಾನು ಒಪ್ಪುವುದಿಲ್ಲ. ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ನಾನು ಕಲಿತದ್ದೇನಾದರೂ ಇದ್ದರೆ ಅದು ಇಷ್ಟೇ: ಕೇಳುವವರನ್ನು ದಾರಿ ತಪ್ಪಿಸಲು ಸುಳ್ಳು ಹೇಳಬೇಕಾಗಿಲ್ಲ, ಒಂದು ವಾಕ್ಯ ಬಿಟ್ಟರೆ ಸಾಕು. ಅತ್ತೆ ಬಿಟ್ಟಿರುವುದನ್ನು ನಾನು ಬರೆಯುತ್ತೇನೆ. ನಾನು ಬಿಟ್ಟದ್ದನ್ನೂ.

ಮೊದಲು ಕೈಕೊಟ್ಟದ್ದು ಬಲಗೈ ತೋರುಬೆರಳು. ಲಾ ಕಾಲೇಜಿನ ಕೊನೆಯ ವರ್ಷ. ಎದುರು ತಂಡದ ಕಡೆ ಬೆರಳು ಚಾಚಿ ಮಾತು ಮುಗಿಸಿದೆ. ಗಂಟೆ ಬಾರಿಸಿದರು. ಬೆರಳು ಮಡಚಲಿಲ್ಲ.

ತಿಂಗಳೊಳಗೆ ಎರಡೂ ಕೈ ಊದಿಕೊಂಡವು. ಬೆಳಿಗ್ಗೆ ಎದ್ದರೆ ಬ್ರಷ್ ಹಿಡಿಯಲಾಗದು. ಚೂಡಿದಾರದ ಗುಂಡಿ ಹಾಕಲಾಗದು. ಜಡೆ ಹೆಣೆಯುವುದಂತೂ ದೂರದ ಮಾತು. ಇಪ್ಪತ್ಮೂರು ವರ್ಷದವಳು ಮತ್ತೆ ಅಮ್ಮನ ಮುಂದೆ ಬೆನ್ನು ಕೊಟ್ಟು ಕೂತೆ. ಬ್ಲಡ್ ಟೆಸ್ಟ್ ಆಯಿತು. ಆರ್‌ಎ ಫ್ಯಾಕ್ಟರ್ ಪಾಸಿಟಿವ್, ಆಂಟಿ-ಸಿಸಿಪಿ ಪಾಸಿಟಿವ್.

"ರುಮಟಾಯ್ಡ್ ಆರ್ಥ್ರೈಟಿಸ್," ಅಂದರು ಡಾಕ್ಟರು. "ಆಟೋಇಮ್ಯೂನ್ ಕಾಯಿಲೆ. ನಿಮ್ಮನ್ನ ಕಾಯಬೇಕಾದ ಇಮ್ಯೂನಿಟಿ ನಿಮ್ಮ ಕೀಲುಗಳ ಮೇಲೇ ತಿರುಗಿಬಿದ್ದಿದೆ."

"ಯಾಕೆ?"

"ಖಚಿತವಾಗಿ ಗೊತ್ತಿಲ್ಲ."

"ಕಾರಣ ಗೊತ್ತಿಲ್ಲದ ಕಾಯಿಲೆಗೆ ಮಾತ್ರೆ ಹೇಗೆ ಗೊತ್ತಾಯ್ತು ಮೇಡಂ?"

ಅವರು ಪೆನ್ ಕೆಳಗಿಟ್ಟರು. "ಏನು ಓದ್ತಿದೀರಾ?"

"ಲಾ."

"ಗೊತ್ತಾಯ್ತು ಬಿಡಿ."

ಚೀಟಿಯಲ್ಲಿ ಎರಡು ಮುಖ್ಯ ಮಾತ್ರೆ. ಸೋಮವಾರ ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ಸಲ, ತಪ್ಪಿಯೂ ದಿನಾ ನುಂಗಬಾರದು. ಗುರುವಾರ ಫೋಲಿಕ್ ಆಸಿಡ್, ಮೊದಲನೆಯದರ ತೊಂದರೆ ತಗ್ಗಿಸಲು. ಎರಡೂ ಚಿಕ್ಕವು. ಎರಡೂ ಹಳದಿ. ಕೊನೆಗೆ ಡಾಕ್ಟರು ಹೇಳಿದರು: "ಮೆಥೊಟ್ರೆಕ್ಸೇಟ್ ತಗೊಳ್ಳೋವಾಗ ಪ್ರೆಗ್ನೆನ್ಸಿ ಕೂಡದು, ಮಗುಗೆ ಅಪಾಯ. ಮುಂದೆ ಮಗು ಬೇಕು ಅಂದಾಗ ಹೇಳಿ. ಕೆಲವು ತಿಂಗಳು ಮೊದಲೇ ನಿಲ್ಲಿಸಿ ಬೇರೆ ಮಾತ್ರೆ ಕೊಡ್ತೀವಿ. ತೊಂದರೆ ಇಲ್ಲ."

ಅಮ್ಮ ಅಲ್ಲಿರಲಿಲ್ಲ. ಕೆಸರೆಯಲ್ಲಿ, ನಮ್ಮ ಬೀದಿಯ ಆಚೆಗೇ, ಅವಳು ಅಂಗನವಾಡಿ ಟೀಚರ್. ಆ ದಿನ ರಜ ಸಿಗಲಿಲ್ಲ.

ಸಂಜೆ ಮನೆಯಲ್ಲಿ ಮಾತ್ರೆ ಡಬ್ಬಿಯೊಳಗಿನ ಇಂಗ್ಲಿಷ್ ಕಾಗದ ಬಿಡಿಸಿ, ಕನ್ನಡ ಮಾಡುತ್ತಾ ನಿಂತುಕೊಂಡೇ ಓದಿದೆ. ಲಿವರ್ ಹಾಳಾಗಬಹುದು. ಬಾಯಿಹುಣ್ಣು. ಕೂದಲು ಉದುರಬಹುದು. ಇದನ್ನೇ ದೊಡ್ಡ ಡೋಸಲ್ಲಿ ಕ್ಯಾನ್ಸರಿಗೂ ಕೊಡುತ್ತಾರೆ. ಹೊಟ್ಟೆಯಲ್ಲಿರುವ ಮಗು ಉಳಿಯದಿರಬಹುದು. ಒಂದೊಂದಕ್ಕೂ ದನಿ ಏರಿಸಿದೆ. ಅಭ್ಯಾಸಬಲ.

"ಅಷ್ಟೊಂದು ವಿಷ ಅಂದ್ರೆ ಬುಡು, ತಗೋಬೇಡ," ಅಂದರು ಅಪ್ಪ. ಮಂಡಿ ಮೊಹಲ್ಲಾದ ಲೇತ್ ಕೆಲಸದಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದರು.

"ತಗೋತೀನಿ ಅಪ್ಪ. ನಂಬಿಕೆ ಇಟ್ಕೊಂಡು ತಗೋಬೇಕು ಅಂತ ಏನೂ ಇಲ್ವಲ್ಲ."

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಡಾಕ್ಟರು ಕೊನೆಗೆ ಹೇಳಿದ ಮಾತನ್ನು, ನಿಲ್ಲಿಸಿ ಮಗು ಪಡೆಯಬಹುದು ಅನ್ನುವುದನ್ನು, ನಾನು ಹೇಳಲಿಲ್ಲ. ಮರೆತಿರಲಿಲ್ಲ. ಹೇಳಿದರೆ ವಾದ ಸಪ್ಪೆಯಾಗುತ್ತಿತ್ತು.

ನನ್ನ ಬೆರಳಿಗೆ ಸ್ಟ್ರಿಪ್ಪಿನಿಂದ ಮಾತ್ರೆ ಒತ್ತಿ ತೆಗೆಯುವಷ್ಟೂ ಬಲವಿರಲಿಲ್ಲ. ಅದಕ್ಕೇ ಅಮ್ಮ ತೆಗೆದು ಪುಟ್ಟ ಸ್ಟೀಲ್ ಬಟ್ಟಲಲ್ಲಿ ಇಟ್ಟು ತರುತ್ತಿದ್ದಳು. ನಾನು ನುಂಗುತ್ತಿದ್ದೆ. ವಾರಗಳು ಕಳೆದವು. ಊತ ಇಳಿಯಲಿಲ್ಲ. ನೋವಿನ ಮಾತ್ರೆ ನುಂಗಿದ ಹೊತ್ತಷ್ಟೇ ಆರಾಮ. ನನಗೆ ಒಳಗೊಳಗೇ ಒಂದು ಕೆಟ್ಟ ಖುಷಿ: ಹೇಳಿರಲಿಲ್ವಾ ನಾನು? ಡಾಕ್ಟರ ಮೇಲೆ ಅನುಮಾನಪಟ್ಟೆ. ಲ್ಯಾಬಿನ ಮೇಲೆ, ಮಾತ್ರೆ ಕಂಪನಿಯ ಮೇಲೆ ಅನುಮಾನಪಟ್ಟೆ. ನನಗೆ ಇರುವುದು ಈ ಕಾಯಿಲೆಯೇ ಹೌದೋ ಅಂತಲೂ.

ಬಟ್ಟಲಿನ ಮೇಲೆ ಪಡಲಿಲ್ಲ.

ಆರು ವಾರಕ್ಕೆ ಮತ್ತೆ ಟೆಸ್ಟ್. ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್ ಇದ್ದಲ್ಲೇ ಇತ್ತು. "ಮಾತ್ರೆ ತಪ್ಪದೆ ತಗೊಳ್ತಿದೀರಾ?" ಅಂತ ಡಾಕ್ಟರು ಎರಡು ಸಲ ಕೇಳಿದರು. ನನಗೆ ರೇಗಿತು. "ಮಾತ್ರೆ ಕೆಲಸ ಮಾಡದಿದ್ರೆ ಪೇಷಂಟ್ ಸುಳ್ಳು ಹೇಳ್ತಿದಾಳೆ ಅಂತ ಅರ್ಥವಾ?" ಅಂದೆ. ಅವರು ಡೋಸ್ ಹೆಚ್ಚಿಸಿ ಬರೆದರು.

ಆ ಚೀಟಿ ಹಿಡಿದು ಮನೆ ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವರು ಹೊಸ ಮೆಥೊಟ್ರೆಕ್ಸೇಟ್ ತೆಗೆದಿಟ್ಟು ಅಂದರು: "ಫೋಲಿಕ್ ಆಸಿಡ್ ಬೇಡ ಅಲ್ವೇನಮ್ಮ? ಹೋದ ವಾರ ತಾನೆ ಟೀಚರಮ್ಮ ಇನ್ನೊಂದು ಸ್ಟ್ರಿಪ್ ತಗೊಂಡ್ಹೋದ್ರು."

ಸ್ಟ್ರಿಪ್ಪಿಗೆ ಹತ್ತು ಮಾತ್ರೆ. ವಾರಕ್ಕೊಂದು. ಹತ್ತು ವಾರ ಬರಬೇಕಾದದ್ದು ಐದೇ ವಾರಕ್ಕೆ ಹೇಗೆ ಮುಗಿಯಿತು?

ಮನೆಗೆ ಬಂದು ಕೇಳಿದೆ. ಅಮ್ಮ ವಾದಕ್ಕೆ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ ತಂದಳು. ಅದರೊಳಗೆ ಮೊದಲ ದಿನ ತಂದ ಮೆಥೊಟ್ರೆಕ್ಸೇಟ್ ಸ್ಟ್ರಿಪ್.

ಹತ್ತೂ ಮಾತ್ರೆ ಹಾಗೇ ಇದ್ದವು.

ಗುರುವಾರವೂ ಫೋಲಿಕ್ ಆಸಿಡ್, ಸೋಮವಾರವೂ ಫೋಲಿಕ್ ಆಸಿಡ್. ನಾನು ಆರು ವಾರ ಜಗಳವಾಡಿದ್ದು ನನ್ನ ಹೊಟ್ಟೆಗೆ ಹೋಗದೇ ಇದ್ದ ಮಾತ್ರೆಯ ಜೊತೆ.

"ಇಪ್ಪತ್ತು ವರ್ಷದಿಂದ ಬಸುರೀರಿಗೆ ಫೋಲಿಕ್ ಆಸಿಡ್ ಮಾತ್ರೆ ಕೊಟ್ಕೊಂಡು ಬಂದಿದೀನಿ ಕಣೇ," ಅಂದಳು ಅಮ್ಮ. "ಈ ಕೆಸರೇಲಿ ಅದನ್ನ ತಿಂದು ಕೆಟ್ಟೋರು ಒಬ್ರೂ ಇಲ್ಲ. ಇದು ನೋಡಿದ್ರೆ ಹೊಟ್ಟೇಲಿರೋ ಮಗೂನೇ ಉಳಿಸಲ್ಲ ಅಂತೀಯ. ನಾಳೆ ನಿಂಗೊಂದು ಮಗು ಬೇಡ್ವಾ? ನನ್ನ ಕೈಯಾರೆ ಎಂಗೆ ಕೊಡ್ಲಿ?"

"ನಂಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿ, ನಿನ್ ಹತ್ರ ವಾದ ಮಾಡಿ ಗೆಲ್ಲೋಕಾಯ್ತದಾ ನಂಗೆ? ಬೇಡ ಅಂದಿದ್ರೆ ತಗೊಳ್ಳಲೇಬೇಕು ಅಂತ ಅರ್ಧ ಗಂಟೆ ಭಾಷಣ ಬಿಗೀತಿದ್ದೆ. ಅಷ್ಟಕ್ಕೂ ಅದರಲ್ಲಿ ಏನೇನೈತೆ ಅಂತ ಓದಿದೋರು ಯಾರು? ನಾನಾ?"

ಆಗ ಡಾಕ್ಟರ ಆ ಕೊನೆಯ ಮಾತು ಹೇಳಿದೆ. ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಇದೊಂದು ಯಾಕೆ ಬಿಟ್ಟೆ?" ಅಂದಳು.

"ನಾಳೆ ನೀನೂ ಬಾ, ಅವರ ಬಾಯಿಂದಲೇ ಕೇಳು," ಅಂದೆ.

ಮಾರನೇ ದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೈಯಲಿಲ್ಲ. ಹೆಚ್ಚಿಸಿದ ಡೋಸ್ ಹೊಡೆದುಹಾಕಿ ಹಳೆಯದನ್ನೇ ಬರೆದರು. ಮಗುವಿನ ವಿಷಯ ಅಮ್ಮ ಮೂರು ಸಲ ಕೇಳಿದಳು, ಅವರು ಮೂರು ಸಲವೂ ಹೇಳಿದರು. ಎಕ್ಸ್‌ರೇಯಲ್ಲಿ ತೋರುಬೆರಳಿನ ಬುಡದ ಮೂಳೆ ಚೂರು ಸವೆದಿತ್ತು.

"ಈ ಆರು ವಾರದಲ್ಲಿ ಆಗಿದ್ದಾ?" ಅಂದೆ.

"ಹೇಳೋಕಾಗಲ್ಲ. ಮೊದಲೇ ಶುರುವಾಗಿರಬಹುದು."

ಅಮ್ಮನ ಕಡೆ ನೋಡಿದೆ. ಅವಳು ಎಕ್ಸ್‌ರೇಯನ್ನೇ ನೋಡುತ್ತಿದ್ದಳು. ಯಾರ ತಪ್ಪು ಎಂದು ತೀರ್ಪು ಕೊಡಲು ಸಾಕ್ಷಿ ಸಾಲದು. ನನಗೂ ಸಾಲದು, ಅವಳಿಗೂ.

ಈಗ ನಿಜವಾದ ಮಾತ್ರೆ ಶುರುವಾಗಿ ನಾಲ್ಕನೇ ತಿಂಗಳು. ಮಂಗಳವಾರ ಹೊಟ್ಟೆ ತೊಳಸುತ್ತದೆ, ಊಟ ಸೇರದು. ತಿಂಗಳಿಗೊಮ್ಮೆ ಲಿವರ್ ಟೆಸ್ಟ್. ಊತ ಇಳಿದಿದೆ, ಇಎಸ್‌ಆರ್ ಇಳಿದಿದೆ. ಪೆನ್ ಹಿಡಿಯುತ್ತೇನೆ, ಇದನ್ನು ಬರೆದದ್ದೂ ಪೆನ್ನಲ್ಲೇ. ತೋರುಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ, ಮಡಚೀತು ಎಂದು ಯಾರೂ ಮಾತು ಕೊಟ್ಟಿಲ್ಲ. ಡಾಕ್ಟರನ್ನು ಈಗ ನಂಬುತ್ತೀಯಾ ಎಂದರೆ, ಅವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ, ಅಷ್ಟರಮಟ್ಟಿಗೆ ಋಣಿ. ಸೋಮವಾರ ಸ್ಟ್ರಿಪ್ ನಾನೇ ಒತ್ತುತ್ತೇನೆ. ಒತ್ತುವ ಮೊದಲು ಹೆಸರು ಎರಡು ಸಲ ಓದುತ್ತೇನೆ. ಅಮ್ಮ ಈಗಲೂ ಬಟ್ಟಲು ತಂದಿಡುತ್ತಾಳೆ, ಖಾಲಿ.

ಜಡೆಯನ್ನೂ ನಾನೇ ಹೆಣೆದುಕೊಳ್ಳಬಲ್ಲೆ. ಆದರೂ ಬೆಳಿಗ್ಗೆ ಅವಳ ಮುಂದೆ ಹೋಗಿ ಕೂರುತ್ತೇನೆ. ಇವತ್ತೂ ಕೂತಿದ್ದೆ. ಬೆನ್ನು ಕೊಟ್ಟು ಕೂತಾಗ ಕೇಳುವುದು ಸುಲಭ. ಕೇಳಿದೆ. ಬಾಚಣಿಗೆ ನಡುವೆ ನಿಂತಿತು, ಆಮೇಲೆ ಮತ್ತೆ ಮೆಲ್ಲಗೆ ಇಳಿಯಿತು. ಅವಳು ಜಡೆ ಬಿಗಿದು, ರಬ್ಬರ್ ಬ್ಯಾಂಡ್ ಹಾಕಿ, ಮಕ್ಕಳು ಬರುವ ಹೊತ್ತಾಯಿತೆಂದು ಅಂಗನವಾಡಿಗೆ ಹೊರಟುಹೋದಳು. ಅದಕ್ಕೇ ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ.

ಅಮ್ಮ, ಆ ಆರು ವಾರ ದಿನಾ ಬೆಳಿಗ್ಗೆ ನನಗೆ ಜಡೆ ಹಾಕ್ತಾ, ಮಡಿಲಲ್ಲಿ ಊದಿಕೊಂಡು ಬಿದ್ದಿದ್ದ ನನ್ನ ಕೈ ನೋಡ್ತಾ ಇದ್ದೆಯಲ್ಲ, ಒಂದು ದಿನಕ್ಕಾದರೂ ನಿನ್ನ ಮೇಲೆ ನಿನಗೇ ಅನುಮಾನ ಬರಲಿಲ್ವಾ?